ಶಿಲುಬೆಯಿಂದ ಕಲಿಸಿದ ರೀಲ್: ನನ್ನ ಅನುಭವ

ಎಡಿನ್‌ಬರೊದ ನಮ್ಮ ವಾರದ ತರಗತಿಯಲ್ಲಿ ‘ರೀಲ್ ಆಫ್ ದಿ ಫಿಫ್ಟಿ ಫಸ್ಟ್ ಡಿವಿಜನ್’ ಎಂಬ ಸ್ಕಾಟಿಷ್ ಗುಂಪು ನೃತ್ಯವನ್ನು ಹದಿಮೂರನೆಯ ಬಾರಿನಿಂದ (ಬಾರ್ ಎಂದರೆ ಸಂಗೀತದ ತಾಳದ ಒಂದು ಅಳತೆ) ಕಲಿಸುತ್ತೇನೆಂದಾಗ, ನನ್ನ ಜೊತೆ ಕಲಿಸುವ ಇಬ್ಬರೂ ಒಪ್ಪಲಿಲ್ಲ. ಅದಕ್ಕೂ ಹಿಂದಿನ ಎರಡು ವರ್ಷ ನಾನೂ ಮೊದಲ ಬಾರಿನಿಂದಲೇ ಕಲಿಸಿ ಸೋತಿದ್ದೆ. ಕಾರ್ನರಿನವರನ್ನು, ಅಂದರೆ ಮೂಲೆಯಲ್ಲಿ ನಿಂತವರನ್ನು, ಬಲಗೈಯಲ್ಲಿ ತಿರುಗಿಸುವುದು ತಡವಾಗಿ, ನಾಲ್ವರು ಕೈ ಹಿಡಿದು ಸಾಲಾಗಿ ನಿಂತಲ್ಲೇ ಹೆಜ್ಜೆ ಹಾಕುವ ಬ್ಯಾಲೆನ್ಸಿನ ಹೊತ್ತಿಗೆ ಅವರ ಸಾಲು ಬಿಲ್ಲಿನಂತೆ ಬಾಗುತ್ತಿತ್ತು. ಮೊದಲ ಜೋಡಿಯ ಎಡಗೈಗಳು ನಡುವೆ ಸೇರುವಷ್ಟರಲ್ಲಿ ಸಂಗೀತ ಮುಂದೆ ಹೋಗಿಬಿಡುತ್ತಿತ್ತು. ಸಭಾಂಗಣದ ಬಾಡಿಗೆ, ಅಕಾರ್ಡಿಯನ್ ನುಡಿಸುವವರ ಸಂಭಾವನೆ ಸೇರಿ ಒಂದು ಸಂಜೆಗೆ ಸುಮಾರು ನೂರು ಪೌಂಡ್ ತಗಲುತ್ತಿತ್ತು. ಹೀಗೆ ಕಳೆದ ಆರೇಳು ಸಂಜೆಗಳ ಹಣ ಇಂದಿಗೂ ನನ್ನನ್ನು ಚುಚ್ಚುತ್ತದೆ.

ದಾರಿ ತೋರಿದ್ದು ಈ ನೃತ್ಯದ ಹುಟ್ಟು. 1940ರ ಜೂನ್‌ನಲ್ಲಿ ಫ್ರಾನ್ಸಿನ ಸೇಂಟ್ ವ್ಯಾಲರಿಯಲ್ಲಿ ಬ್ರಿಟಿಷ್ ಸೇನೆಯ 51ನೇ ಹೈಲ್ಯಾಂಡ್ ಡಿವಿಜನ್ ಜರ್ಮನ್ನರಿಗೆ ಶರಣಾದ ಮೇಲೆ, ಜರ್ಮನಿಯ ಬವೇರಿಯಾದ ಲೌಫೆನ್ ಸೆರೆಶಿಬಿರದಲ್ಲಿ ಲೆಫ್ಟಿನೆಂಟ್ ಜಿಮ್ಮಿ ಅಟ್ಕಿನ್‌ಸನ್ ತಮ್ಮ ಜೊತೆಗಾರರ ನೆರವಿನಿಂದ ಇದನ್ನು ಹೆಣೆದರು. ಗಂಡಸರೇ ಅಲ್ಲಿ ಸೆಟ್ (ಕುಣಿಯುವ ಜೋಡಿಗಳ ಗುಂಪು) ಕಟ್ಟಿ ಕುಣಿದರು. ನಾಲ್ವರ ಸಾಲಿನಿಂದ 13–14ನೇ ಬಾರುಗಳಲ್ಲಿ ಒಂದು ಕರ್ಣ (ಓರೆಗೆರೆ), 21–22ರಲ್ಲಿ ಇನ್ನೊಂದು ಸೇರಿ ಸ್ಕಾಟ್ಲೆಂಡಿನ ಬಾವುಟದ X ಆಕಾರದ ಸೇಂಟ್ ಆಂಡ್ರೂ ಶಿಲುಬೆ ಮೂಡುತ್ತದೆ. ಆ ಶಿಲುಬೆ ಮೂಡದೆ ಹೋದರೆ, ಉಳಿದ ಹೆಜ್ಜೆಗಳೆಲ್ಲ ಸರಿಯಿದ್ದರೂ ಈ ನೃತ್ಯವನ್ನು ಕುಣಿದಂತಾಗುವುದಿಲ್ಲ ಎಂದೇ ನನ್ನ ನಂಬಿಕೆ.

ಹಾಗಾಗಿ ನೆಲದ ಮೇಲೆ ಬಿಳಿ ಟೇಪಿನಿಂದ ಶಿಲುಬೆಯನ್ನೇ ಹಾಕಿದೆ. ಮೊದಲು ತಂದ ಅಗ್ಗದ ಟೇಪಿನ ಅಂಟು ಮರದ ಹಲಗೆಗೆ ಹಿಡಿದು, ಅದನ್ನು ಉಜ್ಜಿ ತೆಗೆಯುವುದರಲ್ಲೇ ಒಂದು ಸಂಜೆ ಹೋಯಿತು. ಆಮೇಲೆ ಪೇಂಟಿಂಗ್ ಕೆಲಸದವರು ಬಳಸುವ ಟೇಪಿನ ಎರಡು ಸುರುಳಿಗಳನ್ನು ಹತ್ತು ಪೌಂಡಿನೊಳಗೆ ತಂದೆ. ಸಂಗೀತವಿಲ್ಲದೆ ನಾಲ್ವರನ್ನು ಕರ್ಣದ ಮೇಲೆ ನಿಲ್ಲಿಸಿ, ಕೈ ಹಿಡಿಸಿ, ಬರೀ ಬ್ಯಾಲೆನ್ಸ್ ಮಾಡಿಸಿದೆ. ಅಲ್ಲಿಂದ ಹಿಂದಿನ ಬಾರುಗಳಿಗೆ ಸರಿದು ಕಾರ್ನರ್ ತಿರುಗಿಸುವುದನ್ನೂ, ಕೊನೆಗೆ ಕಾಸ್ಟ್ ಮಾಡಿ (ಸಾಲಿನ ಹೊರಗಿನಿಂದ ಕೆಳಗೆ ಸರಿದು) ಮೇಲೆ ಬರುವುದನ್ನೂ ಸೇರಿಸಿದೆ. ನಡುವೆ ಒಮ್ಮೆ ಲಯವನ್ನು ತುಸು ನಿಧಾನಿಸಿ ನೋಡಿದೆ. ಸಮಯವಿದೆಯೆಂದು ಎಲ್ಲರೂ ಅಗಲವಾಗಿ ತಿರುಗಿ, ಸಾಲು ಮೊದಲಿಗಿಂತ ಕೆಟ್ಟಿತು. ಬಲಗೈಯ ತಿರುವು ಎರಡೇ ಬಾರಿನಲ್ಲಿ ಮುಗಿಯುವುದಕ್ಕೆ ನಾನು ಹೇಳಿಕೊಡುವ ಒಂದು ಉಪಾಯವಿದೆ, ಅದನ್ನು ಸದ್ಯಕ್ಕೆ ನಮ್ಮ ತರಗತಿಯವರಿಗಷ್ಟೇ ಮೀಸಲಿಟ್ಟಿದ್ದೇನೆ.

ನಾಲ್ಕನೆಯ ವಾರ ಟೇಪ್ ಕಿತ್ತು ಎಂಟು ಸುತ್ತು ಕುಣಿಸಿದೆವು. ಮೂರು ಸೆಟ್ಟುಗಳಲ್ಲೂ ಕರ್ಣಗಳು ಒಟ್ಟಿಗೆ ನೆಟ್ಟಗೆ ನಿಂತವು. ಬೇಡವೆಂದಿದ್ದ ಇಬ್ಬರಲ್ಲಿ ಒಬ್ಬರು ಮರುವಾರ ತಮ್ಮ ತರಗತಿಗೆಂದು ಉಳಿದ ಟೇಪನ್ನು ಕೇಳಿ ಪಡೆದರು.