ವಾಲ್ವ್ ರೇಡಿಯೋದಲ್ಲಿ ಬ್ರಯಾನ್ ಮೇ ಟೋನ್: ನನ್ನ ಅನುಭವ

ಮೂರು ವರ್ಷದ ಹಿಂದೆ ಹಳೇ ವಾಲ್ವ್ ರೇಡಿಯೋ (ಟ್ರಾನ್ಸಿಸ್ಟರಿಗಿಂತ ಮುಂಚಿನದು, ಒಳಗೆ ಗಾಜಿನ ಬಲ್ಬಿನಂಥ ವಾಲ್ವ್ ಇರೋದು) ಒಂದನ್ನ ಹೊತ್ಕೊಂಡು ಪ್ರಾಕ್ಟೀಸ್ ರೂಮಿಗೆ ಹೋದಾಗ ನಮ್ಮ ಆರ್ಕೆಸ್ಟ್ರಾದ ಕೀಬೋರ್ಡ್ ಹುಡುಗ, "ಅಣ್ಣ, ಇದ್ರಲ್ಲಿ ಭದ್ರಾವತಿ ಸ್ಟೇಷನ್ ಬಿಟ್ರೆ ಇನ್ನೇನೂ ಬರಲ್ಲ" ಅಂದಿದ್ದ. ಹೋದ ಗಣೇಶನ ಹಬ್ಬದಲ್ಲಿ ಅದೇ ರೇಡಿಯೋನ ಗಿಟಾರ್ ಆಂಪ್ ಮಾಡ್ಕೊಂಡು, ಮುಂದೆ ಮೈಕ್ ಇಟ್ಟು ಗಿಟಾರ್ ನುಡಿಸಿದೆ. ಪ್ರೋಗ್ರಾಂ ಮುಗಿದ ಮೇಲೆ ಅವನು ಬಂದು ಸ್ಪೀಕರ್ ಬಟ್ಟೆ ಮೇಲೆ ಕೈ ಇಟ್ಟು ನಿಂತ. ಹಾಗಾಗಿ ಈಗ ಬರೀತಿದ್ದೀನಿ.

ಕ್ವೀನ್ ಬ್ಯಾಂಡಿನ ಗಿಟಾರ್ ವಾದಕ ಬ್ರಯಾನ್ ಮೇ ಹತ್ರ ಇರೋದು ಇಷ್ಟು: ವಾಕ್ಸ್ ಎಸಿ30 ಅನ್ನೋ ವಾಲ್ವ್ ಆಂಪ್, ಅದರ ಮುಂದೆ ಮೇಲಿನ ಸ್ವರಗಳನ್ನ ಎತ್ತಿಕೊಡೋ ಟ್ರೆಬಲ್ ಬೂಸ್ಟರ್, ಅಪ್ಪನ ಜೊತೆ ಸೇರಿ 1963ರಲ್ಲಿ ಕಟ್ಟೋಕೆ ಶುರು ಮಾಡಿದ ಗಿಟಾರ್, ತಂತಿ ಮೀಟೋಕೆ ಕೈಯಲ್ಲಿ ಬ್ರಿಟನ್ನಿನ ಆರು ಪೆನ್ಸ್ ನಾಣ್ಯ. ನಿಜವಾದ ಎಸಿ30 ತಗೊಳ್ಳೋಕೆ ಲಕ್ಷದ ಮೇಲೆ ಬೇಕು. ಮೊದಲು 9 ಸಾವಿರ ಕೊಟ್ಟು ಒಂದು ಡಿಜಿಟಲ್ ಪೆಡಲ್ ತಗೊಂಡೆ. ಮನೆಯಲ್ಲಿ ಹೆಡ್‌ಫೋನಲ್ಲಿ ಚೆನ್ನಾಗಿತ್ತು. ಸ್ಟೇಜಲ್ಲಿ ಗಿಟಾರ್ ವಾಲ್ಯೂಮ್ ಇಳಿಸಿದರೆ ಸದ್ದು ಕಮ್ಮಿ ಆಗ್ತಿತ್ತೇ ಹೊರತು ತಿಳಿ ಆಗ್ತಿರಲಿಲ್ಲ. ಮೇ ಆಂಪನ್ನ ಪೂರ್ತಿ ತಿರುಗಿಸಿಟ್ಟು, ಕ್ಲೀನ್‌ನಿಂದ ಸೋಲೋವರೆಗೆ ಎಲ್ಲವನ್ನೂ ಗಿಟಾರಿನ ನಾಬಲ್ಲೇ ನಡೆಸ್ತಾರೆ. ನನಗೆ ಬೇಕಿದ್ದಿದ್ದು ಅದೇ. ಪೆಡಲ್ ಐದೂವರೆ ಸಾವಿರಕ್ಕೆ ಮಾರಿದೆ.

ಎಸಿ30 ಒಳಗೆ ಸ್ಪೀಕರಿಗೆ ಶಕ್ತಿ ಕೊಡೋ ನಾಲ್ಕು ಇಎಲ್84 ವಾಲ್ವ್, ಕ್ಯಾಥೋಡ್ ಬಯಾಸ್ (ಕ್ಯಾಥೋಡಿಗೆ ಹಾಕಿದ ರೆಸಿಸ್ಟರ್ರೇ ವಾಲ್ವಿನ ಕರೆಂಟನ್ನ ಹದಕ್ಕೆ ಇಡೋದು), ಔಟ್‌ಪುಟ್‌ನ ಸ್ವಲ್ಪ ಸಿಗ್ನಲನ್ನ ಹಿಂದಕ್ಕೆ ಕೊಡೋ ಫೀಡ್‌ಬ್ಯಾಕ್ ಲೂಪ್ ಇಲ್ಲ. ನಮ್ಮ ಅಜ್ಜಂದಿರ ಕಾಲದ ಎಷ್ಟೋ ರೇಡಿಯೋಗಳಲ್ಲಿ ಔಟ್‌ಪುಟ್‌ಗೆ ಇರೋದೂ ಅದೇ ಇಎಲ್84, ಒಂದೇ ಒಂದು. ಸ್ಪೀಕರ್ ಕೂಡ ಆಲ್ನಿಕೋ ಮ್ಯಾಗ್ನೆಟ್ಟಿಂದು. ಐದು ವ್ಯಾಟ್ ಬಂದರೆ ಸಾಕು, ಮಿಕ್ಕಿದ್ದು ಮೈಕ್ ನೋಡ್ಕೊಳ್ಳುತ್ತೆ.

ಮೊದಲ ರೇಡಿಯೋ ಗುಜರಿಯಲ್ಲಿ 1,500ಕ್ಕೆ ಸಿಕ್ತು, ಆ ದುಡ್ಡು ದಂಡ. ಅದು ಎಸಿ-ಡಿಸಿ ಸೆಟ್ (ಎರಡೂ ತರದ ಕರೆಂಟಲ್ಲಿ ನಡೆಯೋದು), ಒಳಗೆ ಅಂಥ ಸೆಟ್‌ಗಳ ಯುಎಲ್84 ವಾಲ್ವ್, ಮೇನ್ಸ್ ಟ್ರಾನ್ಸ್‌ಫಾರ್ಮರ್ರೇ ಇಲ್ಲ, ಚಾಸಿ (ಒಳಗಿನ ಲೋಹದ ಚೌಕಟ್ಟು) ನೇರವಾಗಿ ಲೈನಿಗೆ ಸೇರಿರುತ್ತೆ. ಪ್ಲಗ್ ತಿರುವುಮುರುವಾಗಿ ಚುಚ್ಚಿದ್ದೆ. ಗಿಟಾರ್ ತಂತಿ ಮುಟ್ಟಿದ ಕೈ ಮೊಣಕೈವರೆಗೂ ಜೋಮು ಹಿಡೀತು. ಹಿಂದಿನ ಹಲಗೆ ತೆಗೆದು ಮೇನ್ಸ್ ಟ್ರಾನ್ಸ್‌ಫಾರ್ಮರ್ ಕಣ್ಣಿಗೆ ಕಾಣದಿದ್ದರೆ ದುಡ್ಡು ಕೊಡಬೇಡಿ.

ಎರಡನೇದು 2,200. ಟ್ರಾನ್ಸ್‌ಫಾರ್ಮರ್ ಇತ್ತು, ಇಎಲ್84 ಇತ್ತು, ಆದರೆ ವಾಲ್ವನ್ನ ಸ್ಪೀಕರಿಗೆ ಜೋಡಿಸೋ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ (ವಾಲ್ವ್ ಕಡೆಯ ಸುರುಳಿ) ತುಂಡಾಗಿತ್ತು. ಪಂಪ್‌ಸೆಟ್ ಮೋಟರ್ ಸುತ್ತೋ ಚಾಚಾ ಒಬ್ಬರ ಹತ್ರ ಕೊಟ್ಟೆ. ವಾಲ್ವ್ ಕಡೆಯ 5 ಸಾವಿರ ಓಮ್ ಚಿಲ್ಲರೆಯಿಂದ ಸ್ಪೀಕರಿನ 8 ಓಮ್‌ಗೆ, ಅಂದ್ರೆ ಸುತ್ತಿನ ಲೆಕ್ಕದಲ್ಲಿ 25ಕ್ಕೆ 1. ಅವರು ಅಚ್ಚುಕಟ್ಟಾಗಿ ಸುತ್ತಿ, ಸ್ಟಾಂಪಿಂಗನ್ನ (ಕೋರಿನ ಇ, ಐ ಆಕಾರದ ತಗಡುಗಳನ್ನ) ಮಾಮೂಲಿ ಟ್ರಾನ್ಸ್‌ಫಾರ್ಮರಿನ ಹಾಗೆ ಒಂದು ಆ ಕಡೆ ಒಂದು ಈ ಕಡೆ ಹೆಣೆದುಕೊಟ್ಟರು. ಸದ್ದು ತಗಡು ಡಬ್ಬಿ ಬಡಿದ ಹಾಗೆ, ಕೆಳಗಿನ ತಂತಿ ಕೇಳ್ತಾನೇ ಇಲ್ಲ. ಒಂದು ವಾರ ಕಂಡೆನ್ಸರ್ ಬದಲಾಯಿಸಿದ್ದೇ ಬದಲಾಯಿಸಿದ್ದು. ಆಮೇಲೆ ಹೊಳೀತು: ಒಂಟಿ ವಾಲ್ವ್‌ನಲ್ಲಿ ಪ್ರೈಮರಿಯಲ್ಲಿ ಸದಾ ಡಿಸಿ ಹರೀತಿರುತ್ತೆ, ತಗಡುಗಳ ನಡುವೆ ಗ್ಯಾಪ್ ಇಲ್ಲದಿದ್ದರೆ ಕೋರ್ ಕಾಂತತ್ವದಿಂದ ತುಂಬಿಹೋಗುತ್ತೆ. ವಾಪಸ್ ಹೋಗಿ "ಚಾಚಾ, ಇ ಎಲ್ಲಾ ಒಂದೇ ಕಡೆ, ಐ ಎಲ್ಲಾ ಇನ್ನೊಂದು ಕಡೆ, ಮಧ್ಯ ಕಾಗದ ಇಡ್ರಿ" ಅಂದೆ. ಅವರು ನನ್ನ ಮುಖ ನೋಡಿದರು. ಜೇಬಲ್ಲಿದ್ದ ಬಸ್ ಟಿಕೆಟ್ ಎರಡು ಮಡಿಕೆ ಮಾಡಿ ಕೊಟ್ಟೆ. ಅದೇ ಕಾಗದ ಇವತ್ತಿಗೂ ಒಳಗಿದೆ. ಎರಡು ಸಲದ ಮಜೂರಿ ಸೇರಿ 1,300. ಸುತ್ತುಗಳನ್ನ ಪದರ ಪದರವಾಗಿ ಹೇಗೆ ಹಂಚಿಸಿದೆ ಅನ್ನೋದು ನನ್ನ ಹತ್ರಾನೇ ಇರಲಿ.

ಇನ್ನೊಂದು ತಪ್ಪು ಇದಕ್ಕಿಂತ ದುಬಾರಿ. ರೇಡಿಯೋ ಭಾಗ ಬೇಡ ಅಂತ ಮುಂದಿನ ಎರಡು ವಾಲ್ವ್ ಕಿತ್ತುಹಾಕಿದೆ. ಕರೆಂಟ್ ಎಳೆಯೋರು ಕಮ್ಮಿ ಆದ ತಕ್ಷಣ 250 ವೋಲ್ಟ್ ಇದ್ದ ಎಚ್‌ಟಿ (ವಾಲ್ವ್‌ಗಳಿಗೆ ಹೋಗೋ ಹೈ ವೋಲ್ಟೇಜ್) 290ರ ಹತ್ರ ಏರಿತು. ರಾತ್ರಿ ಲೈಟ್ ಆರಿಸಿ ನುಡಿಸ್ತಿದ್ದೆ. ಇಎಲ್84 ಒಳಗೆ ಬೂದು ತಗಡಿನ ನಡುವೆ ಹುಣಸೆಬೀಜದಷ್ಟು ಜಾಗ ಮಂಕಾಗಿ ಕೆಂಪಾಯ್ತು. ನೋಡನೋಡ್ತಾ ಅಗಲ ಆಯ್ತು. ಸ್ವಿಚ್ ಆರಿಸೋಷ್ಟರಲ್ಲಿ ಹಳೇ ವಾಲ್ವ್ ಹೋಗಿತ್ತು. ಹೊಸದು ತರಿಸೋಕೆ 1,400 ಆಯ್ತು. ಈಗ ಎಚ್‌ಟಿ ದಾರಿಯಲ್ಲಿ ದಪ್ಪ ವೈರ್‌ವೌಂಡ್ ರೆಸಿಸ್ಟರ್ ಇದೆ, ಮೀಟರ್ 255-260 ತೋರಿಸುತ್ತೆ. ಕ್ಯಾಥೋಡಿಗೆ 150 ಓಮ್. ಫೀಡ್‌ಬ್ಯಾಕ್ ವೈರ್ ಕತ್ತರಿಸಿದ ದಿನ ಆಂಪ್ ಬಾಯಿ ಬಿಟ್ಟಿತು ಅನ್ನಬೇಕು, ಅಷ್ಟು ವ್ಯತ್ಯಾಸ.

ಸ್ಪೀಕರಿಗೆ ಮೊದಲು ಸೌಂಡ್ ಸಿಸ್ಟಂನವರು ಹಾಕೋ ದಪ್ಪ ಕೋನ್ ಹಾಕಿಸಿ ಕೆಡಿಸಿದೆ. ತೆಳ್ಳಗಿನ ಕಾಗದದ ಕೋನ್ ಹಾಕಿಸಿದ ಮೇಲೆ ಸರಿ ಹೋಯ್ತು. ಎರಡೂ ಸೇರಿ 700.

ಇನ್ನು ಬೂಸ್ಟರ್. ರೇಂಜ್‌ಮಾಸ್ಟರ್ ಅನ್ನೋ ಹಳೇ ಟ್ರೆಬಲ್ ಬೂಸ್ಟರಿನ ಸರ್ಕ್ಯೂಟೇ: ಒಂದೇ ಜರ್ಮೇನಿಯಂ ಟ್ರಾನ್ಸಿಸ್ಟರ್, ರೆಸಿಸ್ಟರ್‌ಗಳು 470 ಕೆ (ಕೆ ಅಂದ್ರೆ ಸಾವಿರ ಓಮ್), 68 ಕೆ, 3.9 ಕೆ, 10 ಕೆ ಪಾಟ್. ಅದರಲ್ಲಿದ್ದ ಓಸಿ44 ಟ್ರಾನ್ಸಿಸ್ಟರ್ ನನಗೆ ಎಲ್ಲೂ ಸಿಗಲಿಲ್ಲ. ಅಂಗಡಿ ಮುಚ್ಚಿದ್ದ ರೇಡಿಯೋ ರಿಪೇರಿ ಯಜಮಾನ್ರು ಒಬ್ಬರು ಬಿಸ್ಕೆಟ್ ಡಬ್ಬಿ ತುಂಬ ಬಿಇಎಲ್ ಕಂಪನಿಯ ಎಸಿ128 ಟ್ರಾನ್ಸಿಸ್ಟರ್ ಇಟ್ಟಿದ್ದರು. ಒಂದಕ್ಕೆ 15 ರೂಪಾಯಿಯಂತೆ 40 ತಂದೆ. ಬೆಂಗಳೂರಲ್ಲಿ ತಯಾರಾದ ಮಾಲು, ಕಾಲಿಗೆ ತುಕ್ಕು ಕೂಡ ಇಲ್ಲ. ಆದರೆ ಲೀಕೇಜ್ (ಸುಮ್ಮನೆ ಸೋರೋ ಕರೆಂಟ್)! ಮೀಟರಿಗೆ ಹಾಕಿ ಲೋಹದ ಟೋಪಿಯನ್ನ ಎರಡು ಬೆರಳಲ್ಲಿ ಹಿಡಿದರೆ ಸಾಕು, ಮೈ ಕಾವಿಗೇ ಮುಳ್ಳು ಮೇಲೆ ತೆವಳುತ್ತೆ, ಬಿಟ್ಟರೆ ನಿಧಾನಕ್ಕೆ ಇಳಿಯುತ್ತೆ. ನಲವತ್ತರಲ್ಲಿ ಹನ್ನೊಂದೋ ಹನ್ನೆರಡೋ ಉಳಿದವು.

ಜನವರಿ ಬೆಳಿಗ್ಗೆ ಟ್ರಾನ್ಸಿಸ್ಟರಿನ ಕಲೆಕ್ಟರ್ ಕಾಲನ್ನ 7 ವೋಲ್ಟಿಗೆ ಕೂರಿಸಿದ್ದೆ. ದುಗ್ಗಮ್ಮನ ಜಾತ್ರೆಯಲ್ಲಿ ಮಧ್ಯಾಹ್ನ ಸೌಂಡ್ ಚೆಕ್, ಸ್ಟೇಜ್ ಮೇಲೆ ತಗಡಿನ ಶೀಟು. ನಮ್ಮೂರ ಬಿಸಿಲು ಗೊತ್ತಲ್ಲ. ಸದ್ದು ಗಂಟಲು ಕಟ್ಟಿದ ಹಾಗೆ ಉಡುಗಿಹೋಯ್ತು. ಅಳೆದು ನೋಡಿದರೆ 4 ವೋಲ್ಟೂ ಇಲ್ಲ. ಅವತ್ತು ಬೂಸ್ಟರ್ ಬಿಟ್ಟು ನುಡಿಸಿದೆ, ರಾತ್ರಿಯೆಲ್ಲ ಹೊಟ್ಟೆ ಉರೀತು. ಈಗ ಅತಿ ಕಮ್ಮಿ ಲೀಕೇಜಿನ ಎರಡನ್ನೇ ಇಟ್ಕೊಂಡಿದ್ದೀನಿ, ಬಯಾಸ್ ಸ್ವಲ್ಪ ಬದಲಾಯಿಸಿದ್ದೀನಿ, ಡಬ್ಬಿ ತಣ್ಣಗಿಡೋಕೆ ಒಂದು ಉಪಾಯಾನೂ ಇದೆ. ಅದನ್ನ ಇಲ್ಲಿ ಹೇಳಲ್ಲ. ಟ್ರಾನ್ಸಿಸ್ಟರ್ ಪಿಎನ್‌ಪಿ ಜಾತಿಯದು ಆದ್ದರಿಂದ ಬ್ಯಾಟರಿಯ ಪಾಸಿಟಿವ್ ಕಡೆಯೇ ಗ್ರೌಂಡ್, ಬೇರೆ ಪೆಡಲಿನ ಅಡಾಪ್ಟರಿಗೆ ಸೇರಿಸಬೇಡಿ, ಬ್ಯಾಟರಿಯೇ ಹಾಕಿ.

ಗಿಟಾರ್ ಮಾಮೂಲಿ ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕಾಸ್ಟರ್) ಕಾಪಿ. ತಂತಿಯ ಕಂಪನ ಹಿಡಿಯೋ ಮೂರು ಪಿಕಪ್ಪನ್ನೂ ಸೀರೀಸಿಗೆ ಹಾಕಿ, ಒಂದೊಂದಕ್ಕೂ ಆನ್-ಆಫ್ ಒಂದು, ಫೇಸ್ (ಸಿಗ್ನಲನ್ನ ತಿರುವುಮುರುವು ಮಾಡೋದು) ಒಂದು ಸ್ವಿಚ್ ಕೊಟ್ಟೆ, ಬ್ರಯಾನ್ ಮೇ ಗಿಟಾರಿನ ಹಾಗೇ. ಖರ್ಚು 300. ಇದನ್ನ ಮಾಡದೆ ಬರೀ ಆಂಪ್ ಹಿಂದೆ ಬಿದ್ದರೆ ಆ ಮೂಗಿನ ಸ್ವರ ಬರೋದೇ ಇಲ್ಲ.

ನಾಣ್ಯದ ವಿಷಯ ಖುಷಿ ಕೊಟ್ಟಿದ್ದು. ಆರು ಪೆನ್ಸ್ 19 ಮಿಲಿಮೀಟರ್ ಚಿಲ್ಲರೆ ಅಗಲ. ನಮ್ಮ ಹಳೇ ನಾಲ್ಕಾಣೆಯೂ 19! 2011ರ ಜೂನಲ್ಲಿ ಚಲಾವಣೆ ನಿಂತ ಮೇಲೆ ಅಮ್ಮ ಒಂದು ಮುಷ್ಟಿ ಡಬ್ಬಿಯಲ್ಲಿ ಹಾಗೇ ಇಟ್ಟಿದ್ದಳು. ಘೇಂಡಾಮೃಗದ ಚಿತ್ರದ ಸ್ಟೀಲ್ ನಾಲ್ಕಾಣೆ ತಂತಿ ಮೇಲೆ ಜಾರುತ್ತೆ. ಅದಕ್ಕಿಂತ ಮುಂಚಿನ ತಾಮ್ರ-ನಿಕ್ಕಲ್ಲಿನದು, ಅಂಚಲ್ಲಿ ಗೀರು ಇರೋದು, ಓರೆಯಾಗಿ ಹಿಡಿದರೆ ಪ್ರತಿ ಸ್ವರದ ಶುರುವಿಗೆ ಸಣ್ಣ ಗರಗರ ಬರುತ್ತೆ. ತಂತಿ ಬೇಗ ಸವೆಯುತ್ತೆ, ಸವೆಯಲಿ.

ಮಧ್ಯ ಒಂದು ತಿಂಗಳು ಬೇರೆ ದಾರಿಗೆ ಹೋಗಿದ್ದೆ. ಕ್ವೀನ್ ಬ್ಯಾಂಡಿನ ಬೇಸ್ ಗಿಟಾರ್ ವಾದಕ ಜಾನ್ ಡೀಕನ್ ಕಸದಲ್ಲಿ ಸಿಕ್ಕ ಬೋರ್ಡಿನಿಂದ 1972ರಲ್ಲಿ ಪುಟ್ಟ ಆಂಪ್ ಮಾಡಿದ್ದರಲ್ಲ, ಮೇ ಗಿಟಾರ್ ಪದರಗಳಿಗೆ ಬಳಸಿದ್ದು, ಅದರ ಆಸೆಗೆ ಒಂದು ಪಾಕೆಟ್ ಟ್ರಾನ್ಸಿಸ್ಟರಿನ ಔಟ್‌ಪುಟ್ ಬೋರ್ಡ್ ತೆಗೆದು ಬೂಸ್ಟರಿಗೆ ಕಟ್ಟಿದೆ. ಮನೆಯಲ್ಲಿ ಮೂರು ಟ್ರ್ಯಾಕ್ ಒಂದರ ಮೇಲೊಂದು ರೆಕಾರ್ಡ್ ಮಾಡಿದರೆ ಪಿಟೀಲಿನವರು ಕೂತ ಹಾಗಿತ್ತು. ಸ್ಟೇಜಿಗೆ ಆಗಲ್ಲ, ಮೈಕ್ ಹತ್ತಿರ ಬಂದರೆ ಸಿಳ್ಳೆ.

ಕಂಡೆನ್ಸರ್, ಡಬ್ಬಿ ಎಲ್ಲ ಸೇರಿ 9 ಸಾವಿರದ ಆಸುಪಾಸು ಆಗಿದೆ, ಪೆಡಲಿನ ನಷ್ಟ ಬಿಟ್ಟು. ಗಿಟಾರ್ ನಾಬ್ ಮೂರಕ್ಕೆ ಇಟ್ಟರೆ ಗಂಟೆ, ಹತ್ತಕ್ಕೆ ಇಟ್ಟರೆ ಹಾಡೋ ಗಂಟಲು. ನಾನು ಕೇಳಿದ್ದು ಇಷ್ಟೇ, ಬಂದಿದೆ.

ಮೊನ್ನೆ ಕೀಬೋರ್ಡ್ ಹುಡುಗ ಚಿತ್ರದುರ್ಗದ ಸೋದರಮಾವನ ಮನೆ ಅಟ್ಟದಿಂದ ಒಂದು ರೇಡಿಯೋ ಇಳಿಸಿ ತಂದ, ತಮ್ಮನಿಗೆ ಆಂಪ್ ಮಾಡಿಕೊಡಬೇಕಂತೆ. ಹಿಂದಿನ ಹಲಗೆ ಬಿಚ್ಚಿದೆ. ಯುಎಲ್84. ಸೆಟ್ಟನ್ನ ಲೈನಿಂದ ಬೇರೆ ಮಾಡೋ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಸುತ್ತಿಸದೆ ಅದಕ್ಕೆ ಕರೆಂಟ್ ಕೊಡಲ್ಲ ಅಂದಿದ್ದೀನಿ. ಸೋಮವಾರ ಚಾಚಾ ಹತ್ರ ಹೋಗಬೇಕು.