ಬಿಚ್ಚಿ ಬ್ಯಾಗಿನಾಗ ಇಡೋ ರೈಫಲ್ ಬೇಕಂದ್ರ ನಮ್ಮ ಕಲಬುರಗಿ ಕಡಿ ಏನು ನಡೀತದ

ಶರಣಬಸವೇಶ್ವರ ಜಾತ್ರ್ಯಾಗ ಬಲೂನ್ ಹೊಡಿಯೋ ಬಂದೂಕು ಒಮ್ಮೆ ಹಿಡಿದವರಿಗೆ ಆ ಹುಚ್ಚು ಬಿಡಂಗಿಲ್ಲ ನೋಡ್ರಿ. ನನಗೂ ಅಲ್ಲಿಂದನೇ ಹತ್ತಿದ್ದು. ಆಮ್ಯಾಲ ಫೋನಿನಾಗ ಅಮೆರಿಕಾದವರ ವಿಡಿಯೋ ಸುರು ಆದ್ವು, ಒಬ್ಬಾಂವ ಬೆನ್ನಿನ ಬ್ಯಾಗಿನಾಗಿಂದ ಬರೇ ಒಂದು ಪ್ಲಾಸ್ಟಿಕ್ ಹಿಡಿ ತೆಗೀತಾನ, ಅದರ ಹಿಂದಿನ ಮುಚ್ಚಳ ಎಳದ್ರ ಒಳಗ ಬ್ಯಾರೆಲ್ ಅಂದ್ರ ನಳಿಗಿ, ಬಾಡಿ, ಗುಂಡು ತುಂಬೋ ಮ್ಯಾಗಜೀನ್ ಎಲ್ಲಾ ಅಡಗಿ ಕುಂತಿರ್ತಾವ, ನಿಮಿಷದಾಗ ಜೋಡಿಸಿ ಡಬ್ಬಿ ಹೊಡ್ಯಾಕ ನಿಂತುಬಿಡ್ತಾನ. ನನಗೂ ಅದೇ ಬೇಕು ಅನ್ನಿಸಿಬಿಡ್ತು.

ಅದರ ಹೆಸರು ಎಆರ್-7. ಖರೇ ಅಂದ್ರ ಇದು ಶೋಕಿಗಿ ಹುಟ್ಟಿದ್ದಲ್ಲ, ವಿಮಾನ ಬಿದ್ದು ಕಾಡಿನಾಗ ಸಿಕ್ಕೊಂಡ ಪೈಲಟ್ ಹೊಟ್ಟಿಗಿ ಏನರ ಹೊಡ್ಕೊಳ್ಳಿ ಅಂತ ಅಮೆರಿಕಾದ ವಾಯುಪಡೆಗಿ ಆರ್ಮಲೈಟ್ ಕಂಪನಿ 1950ರ ದಶಕದಾಗ ಎಆರ್-5 ಅಂತ ಮಾಡಿತ್ತು, ಅದರ ಬೆನ್ನಿಗೇ ಸಾಮಾನ್ಯ ಜನರಿಗಿ ಅಂತ ಬಂದದ್ದು ಎಆರ್-7. ಡಿಸೈನ್ ಮಾಡಿದಾಂವ ಯುಜೀನ್ ಸ್ಟೋನರ್, ಎಆರ್-15 ಮಾಡಿದ ಅದೇ ಮನುಷ್ಯ. ಈಗ ಅದನ್ನ ಹೆನ್ರಿ ಕಂಪನಿಯವರು ಮಾಡ್ತಾರ, ಪಾಯಿಂಟ್ 22 ಗುಂಡು, ಮ್ಯಾಗಜೀನಿಗಿ 8, ತೂಕ ಸುಮಾರು 1.6 ಕಿಲೋ, ಬಿಚ್ಚಿ ಒಳಗ ಇಟ್ರ ಉದ್ದ 16.5 ಇಂಚು. ಇನ್ನೊಂದು ರೂಗರ್ 10/22 ಟೇಕ್‌ಡೌನ್, 2012ರಾಗ ಬಂತು, ಅದು ನಡಕ್ಕ ತಿರುವಿದ್ರ ಎರಡು ತುಂಡು ಆಗ್ತದ.

ಈಗ ಬ್ಯಾಸರದ ಮಾತು. ಇವೆರಡೂ ಸೆಮಿ ಆಟೋಮ್ಯಾಟಿಕ್, ಅಂದ್ರ ಟ್ರಿಗರ್ ಒತ್ತಿದಾಗೊಮ್ಮೆ ಒಂದು ಗುಂಡು ಹೋಗಿ ಮುಂದಿಂದು ತಾನೇ ಏರ್ತದ, ನಮ್ಮ ದೇಶದಾಗ ಸೆಮಿ ಆಟೋಮ್ಯಾಟಿಕ್ ರೈಫಲ್ ಸಾಮಾನ್ಯ ಜನಕ್ಕ ನಿಷೇಧಿತ ವರ್ಗದಾಗ ಬರ್ತದ. ಒಂದೊಂದೇ ಗುಂಡು ಹಾಕೋ ಪಾಯಿಂಟ್ 22 ಬೇಕಂದ್ರೂ 1959ರ ಆರ್ಮ್ಸ್ ಆಕ್ಟ್ ಪ್ರಕಾರ ಲೈಸೆನ್ಸ್ ಬೇಕೇ ಬೇಕು, "ಬ್ಯಾಗಿನಾಗ ಇಟ್ಕೊಂಡು ತಿರುಗಾಡ್ತೀನಿ ಸಾಹೇಬ್ರ" ಅಂತ ಅರ್ಜಿ ಬರೆದ್ರ ಯಾರೂ ಕೊಡಂಗಿಲ್ಲ. ಆದ್ರ ಒಂದು ಬಾಗಿಲು ತೆರೆದದ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಬೋರ್, ಅಂದ್ರ ನಳಿಗಿ ತೂತಿನ ಅಗಲ, ಪಾಯಿಂಟ್ 177 ಇಂಚು, ಅಂದ್ರ 4.5 ಎಂಎಂ ದಾಟದ, ನಳಿಗಿ ಬಾಯಿಂದ ಹೊರಬೀಳೋ ಶಕ್ತಿ 20 ಜೂಲ್ ದಾಟದ, ಮದ್ದಿಲ್ಲದ ಒತ್ತಿದ ಗಾಳಿಯಿಂದ ಹೊಡಿಯೋ ಏರ್ ರೈಫಲ್‌ಗಿ ಲೈಸೆನ್ಸ್ ಬೇಕಿಲ್ಲ. ಇದನ್ನೂ ಬಿಚ್ಚಿ ಚೀಲದಾಗ ಹಾಕಬಹುದು, ಹೊಲದಾಗ ಡಬ್ಬಿ, ಕಾಗದ ಹೊಡ್ಯಾಕ ಇದು ಬರೋಬ್ಬರಿ.

ತಗೊಳ್ಳೋ ಮುಂದ ಅಂಗಡಿಯಾಂವ "ಇದು ಭಾಳ ಸ್ಪೀಡ್ ಅದ" ಅಂತ ಹೇಳೋದಕ್ಕ ಮರುಳಾಗಬ್ಯಾಡ್ರಿ. ಲೆಕ್ಕ ಸರಳ ಅದ, ಅರ್ಧ ಗ್ರಾಂ ಛರ್ರಾ, ಅಂದ್ರ ಇದರ ಸಣ್ಣ ಸೀಸದ ಗುಂಡು, ಸೆಕೆಂಡಿಗಿ 250 ಮೀಟರ್ ಹೋದ್ರ 15.6 ಜೂಲ್, ಅದೇ ಛರ್ರಾ 283 ಮೀಟರ್ ಹೋದ್ರ 20 ಜೂಲ್ ಮುಟ್ಟಿಬಿಡ್ತದ. ಅಂದ್ರ ಸ್ಪೀಡಿನ ಹುಚ್ಚಿಗಿ ಬಿದ್ರ ಕಾಯ್ದೆ ದಾಟ್ತೀರಿ, ಮ್ಯಾಲ ಒಳಗಿನ ಗಾಳಿ ಒತ್ತೋ ಸ್ಪ್ರಿಂಗ್ ಎಷ್ಟು ಜೋರು ಇರ್ತದೋ ಗುರಿ ಅಷ್ಟೇ ಕುಣೀತದ. ಶಕ್ತಿ ಎಷ್ಟಂತ ಬರೆದ ಕಾಗದ ಕೇಳ್ರಿ, ಬಿಲ್ ಜೋಪಾನ ಇಡ್ರಿ, ಬಂದೂಕಿನ ಚೀಲದಾಗೇ ಒಂದು ಜೆರಾಕ್ಸ್ ಇರ್ಲಿ. ನಡಕ್ಕ ಮುರಿದು ಛರ್ರಾ ಹಾಕೋ ಬ್ರೇಕ್ ಬ್ಯಾರೆಲ್ ನಮೂನಿ ಸಾಕು. ಸಂಗಡ ಬರೋ ಅಗ್ಗದ ಸ್ಕೋಪಿಗಿ, ಅಂದ್ರ ಗುರಿ ನೋಡೋ ದುರ್ಬೀನಿಗಿ, ರೊಕ್ಕ ಹಾಕಬ್ಯಾಡ್ರಿ, ಸ್ಪ್ರಿಂಗ್ ಬಂದೂಕು ಹಿಂದಕ್ಕೂ ಒದೀತದ ಮುಂದಕ್ಕೂ ಒದೀತದ, ಸಾದಾ ಸ್ಕೋಪ್ ಅದನ್ನ ತಡಕೊಳ್ಳಂಗಿಲ್ಲ.

ಬಿಚ್ಚಿ ಜೋಡಿಸೋ ಬಂದೂಕಿನ ಒಂದು ರೋಗ ಅಂದ್ರ ಪ್ರತಿ ಸಲ ಜೋಡಿಸಿದಾಗ ಗುರಿ ಜರಾ ಜರಗ್ತದ. ಇದಕ್ಕ ಮದ್ದು ಸೈಟ್, ಅಂದ್ರ ಗುರಿ ಕಟ್ಟೋ ಮುಳ್ಳು, ಎಲ್ಲಿ ಕುಂತದ ಅನ್ನೋದರಾಗ ಅದ. ರೂಗರ್ ಟೇಕ್‌ಡೌನ್‌ನಾಗ ಮುಂದಿಂದು ಹಿಂದಿಂದು ಎರಡೂ ಲೋಹದ ಸೈಟ್ ಬ್ಯಾರೆಲ್ ಮ್ಯಾಲೇ ಇರ್ತಾವ, ಬ್ಯಾರೆಲ್ ಎಷ್ಟು ಸಲ ತೆಗೆದ್ರೂ ಅವೆರಡೂ ಒಂದಕ್ಕೊಂದು ಜರುಗಂಗಿಲ್ಲ, ಬಾಡಿ ಮ್ಯಾಲ ಸ್ಕೋಪ್ ಹಾಕಿದ್ರ ಮಾತ್ರ ತಕರಾರು. ನಮ್ಮ ಬ್ರೇಕ್ ಬ್ಯಾರೆಲ್‌ನಾಗೂ ಹಂಗೇ, ಹಿಂದಿನ ಸೈಟ್ ಬ್ಯಾರೆಲ್ ಜೋಡಿ ಬಾಗೋ ತುಂಡಿನ ಮ್ಯಾಲ ಇದ್ರ ಛಲೋ, ತಗೊಳ್ಳೋವಾಗ ಬಂದೂಕು ಮುರಿದು ನೋಡ್ರಿ, ಎರಡೂ ಸೈಟ್ ಕೂಡೇ ಬಾಗಿದ್ರ ಅದನ್ನೇ ಆರಿಸ್ರಿ.

ನಾವು ಬಿಚ್ಚೋದು ಬರೇ ಕಟ್ಟಿಗಿ ಅಥವಾ ಪ್ಲಾಸ್ಟಿಕ್ ಸ್ಟಾಕ್, ಅಂದ್ರ ಭುಜಕ್ಕ ಕೊಟ್ಟು ಹಿಡಿಯೋ ಹಿಡಿ ಮಾತ್ರ. ಮುಂದಿನ ಎರಡೂ ಬಾಜೂಕ ಸ್ಕ್ರೂ ಇರ್ತಾವ, ಟ್ರಿಗರ್ ಹಂತ್ಯಾಕ ಒಂದೋ ಎರಡೋ, ಅಷ್ಟು ತೆಗೆದ್ರ ಸ್ಟಾಕ್ ಬ್ಯಾರೆ ಬಂದೂಕಿನ ಮೈ ಬ್ಯಾರೆ. ಇದರಕಿಂತ ಒಳಗ ಹೋಗಬ್ಯಾಡ್ರಿ, ಒಳಗಿನ ಸ್ಪ್ರಿಂಗ್ ಒತ್ತಿ ಕುಂತಿರ್ತದ, ಅದನ್ನ ಕೈಯಿಂದ ಬಿಚ್ಚಿದ್ರ ಮಾರಿಗಿ ಬಂದು ಹೊಡೀತದ. ಬಿಚ್ಚೋ ಮೊದಲು ಬ್ಯಾರೆಲ್ ಜರಾ ಬಾಗಿಸಿ ಛರ್ರಾ ಇಲ್ಲಂತ ಕಣ್ಣಿಲೆ ನೋಡ್ರಿ, ಕಾಕ್ ಆಗಿದ್ರ, ಅಂದ್ರ ಸ್ಪ್ರಿಂಗ್ ಹಿಂದಕ್ಕ ಎಳೆದು ಹೊಡ್ಯಾಕ ತಯಾರಿದ್ರ, ಬಿಚ್ಚಲೇಬ್ಯಾಡ್ರಿ. ನಾನು ಸ್ಟಾಕ್, ಮೈ ಎರಡನ್ನೂ ಹಳೀ ಧೋತರದಾಗ ಸುತ್ತಿ ಕ್ರಿಕೆಟ್ ಕಿಟ್ ಚೀಲದಾಗ ಹಾಕ್ತೀನಿ, ಬಸ್ಸಿನಾಗ ತೆರೆದು ತೋರಿಸೋ ಶ್ಯಾಣ್ಯಾತನ ಬ್ಯಾಡ, ದೂರಿಂದ ನೋಡಿದವರಿಗಿ ಇದು ಖರೇ ಬಂದೂಕೇ.

ಸ್ಕ್ರೂ ಮಾತು ಬಂತಲ್ಲ, ನನ್ನ ಮರ್ಯಾದಿ ಹೋದ ಕಥಿ ಹೇಳಿಬಿಡ್ತೀನಿ. ಮೂರು ಐತವಾರ ನನ್ನ ಛರ್ರಾ ಒಂದು ಎಡಕ್ಕ ಒಂದು ಬಲಕ್ಕ ಹೊಂಟಿದ್ವು, ಉಸಿರು ಹಿಡ್ಯೋದು ಬರೋಬ್ಬರಿ ಇಲ್ಲಂತ ನನ್ನನ್ನೇ ಬೈಕೊಂಡೆ, ಛರ್ರಾದ ಡಬ್ಬಿ ಬದಲಿ ಮಾಡಿದೆ, ಕಣ್ಣಿನ ಡಾಕ್ಟರ್ ಹಂತ್ಯಾಕನೂ ಹೋಗಿ ಬಂದೆ. ನಾಕನೇ ವಾರ ಕಾಕಾ ಸುಮ್ಮನ ಬಂದೂಕು ಕೈಯಾಗ ತಗೊಂಡು ಅಲ್ಲಾಡಿಸಿ "ಲೇ ಇದು ಹಳೀ ಛಕ್ಡಿ ನೊಗದಂಗ ಸಪ್ಪಳ ಮಾಡ್ಲಾಕತ್ತದಲ್ಲೋ" ಅಂದ್ರು, ನೋಡಿದ್ರ ಮುಂದಿನ ಎಡಗಡಿ ಸ್ಕ್ರೂ ಒಂದೂವರೆ ಸುತ್ತು ಸಡ್ಲ ಆಗಿತ್ತು. ಸ್ಪ್ರಿಂಗ್ ಬಂದೂಕು ನಡುಗಿ ನಡುಗಿ ಸ್ಕ್ರೂ ಸಡ್ಲ ಆಗೋದು ಮಾಮೂಲು. ಜೋಡಿಸಿದ ಮ್ಯಾಲ ಒಮ್ಮೆ, 30-40 ಛರ್ರಾ ಹೊಡೆದ ಮ್ಯಾಲ ಒಮ್ಮೆ ಬಿಗಿ ಮಾಡ್ರಿ, ಕಟ್ಟಿಗಿ ಸೀಳೋವಷ್ಟು ಬಿಗಿ ಬ್ಯಾಡ ಮತ್ತ.

ಇನ್ನ ಜಾಗದ ವಿಚಾರ, ನನ್ನ ಪ್ರಕಾರ ಬಂದೂಕಿನಕಿಂತ ಇದಕ್ಕ ತಲಿ ಹೆಚ್ಚು ಓಡಿಸಬೇಕು. ಒಂದು, ತೊಗರಿ ನಿಂತಿರೋ ಟೈಮಿನಾಗ ಹೊಲದಾಗ ಹೊಡಿಲೇಬ್ಯಾಡ್ರಿ. ತೊಗರಿ ಆಳೆತ್ತರ ಬೆಳೀತದ, ಒಳಗ ಯಾರು ಬಗ್ಗಿ ಕಳೆ ತೆಗೀಲಾಕತ್ತಾರ, ಯಾರ ಎಮ್ಮಿ ನುಗ್ಗ್ಯದ ಏನೂ ಕಾಣಂಗಿಲ್ಲ, ಈ ಸಣ್ಣ ಛರ್ರಾನೂ ಮ್ಯಾಲಕ್ಕ ಹೊಡೆದ್ರ ಮುನ್ನೂರು ಮೀಟರ್ ದಾಟಿ ಹೋಗಬಲ್ಲದು. ರಾಶಿ ಆಗಿ ಹೊಲ ಬೋಳಾದ ಮ್ಯಾಲೇ ನಮ್ಮ ಆಟ. ಎರಡು, ಫರಸಿ, ಅಂದ್ರ ಚಪ್ಪಟಿ ಹಾಸುಗಲ್ಲು. ನಮ್ಮ ಕಡಿ ಗ್ವಾಡಿಗಿ, ಅಂಗಳಕ್ಕ, ಒಡ್ಡಿಗಿ ಎಲ್ಲಾ ಕಡಿ ಶಹಾಬಾದ್ ಫರಸಿನೇ. ಸುರುವಾತಿಗಿ ನಾನು ಒಂದು ಫರಸಿ ನಿಲ್ಲಿಸಿ ಅದರ ಮುಂದ ಪಾರ್ಲೆ ಪುಡಿಕಿ ಇಟ್ಟು ಹೊಡೆದೆ, ಠಣ್ ಅಂತ ಸಪ್ಪಳ ಆಯ್ತು, ಛರ್ರಾ ಚಪ್ಪಟಿ ಆಗಿ ತಿರುಗಿ ಬಂದು ನನ್ನ ಮೊಣಕಾಲ ಕೆಳಗ ಬಡೀತು, ಪ್ಯಾಂಟ್ ಇತ್ತಂತ ಬರೇ ಒಂದು ಕಂದು ಗುಳ್ಳಿ. ಕಣ್ಣಿಗಿ ಬಡಿದಿದ್ರ? ಅವತ್ತಿಂದ ಕನ್ನಡಕ ಇಲ್ಲದ ಹೊಡ್ಯಾಕ ಕುಂದ್ರಂಗಿಲ್ಲ, ಪಕ್ಕದಾಗ ನಿಂತವರಿಗೂ ಹಾಕಸ್ತೀನಿ.

ಹಿಂದಿನ ತಡೆಗಿ ನಮ್ಮ ಎರಿ ಮಣ್ಣೇ ಛಲೋ. ಗೋಣಿಚೀಲದಾಗ ಕಲ್ಲು ಆರಿಸಿ ತೆಗೆದ ಮಣ್ಣು ತುಂಬ್ರಿ, ಕೆಳಗ ಮೂರು, ಅದರ ಮ್ಯಾಲ ಮೂರು, ಮ್ಯಾಲ ಎರಡು ಹಿಂಗ ಪೇರಿಸ್ರಿ, ಹಿಂದ ಒಡ್ಡು ಇರ್ಲಿ. ಮುಂದ ಹಳೀ ರಟ್ಟಿನ ಪೆಟ್ಟಿಗಿ, ಅದರಾಗ ಚಿಂದಿ ಅರಿವಿ ಒತ್ತಿ ತುಂಬಿ ಮ್ಯಾಲ ಕಾಗದದ ಗುರಿ ಅಂಟಿಸ್ರಿ, ಛರ್ರಾ ಅರಿವ್ಯಾಗೇ ಸಿಕ್ಕೋತಾವ, ಸೀಸ ಹೊಲಕ್ಕ ಬೀಳಂಗಿಲ್ಲ. ದೂರ ಟೇಪ್ ಹಿಡಿದು 10 ಮೀಟರ್ ಅಳೀರಿ, ಅಂದ್ರ ಹತ್ತಿರ ಹತ್ತಿರ 33 ಫುಟ್. 2008ರಾಗ ಬೀಜಿಂಗ್‌ನಾಗ ಅಭಿನವ್ ಬಿಂದ್ರಾ ಬಂಗಾರ ಗೆದ್ದದ್ದೂ ಇದೇ 10 ಮೀಟರ್‌ನಾಗೇ, ಆ ಗುರಿಯೊಳಗಿನ ಹತ್ತು ಅಂಕದ ಚುಕ್ಕಿ ಬರೇ ಅರ್ಧ ಎಂಎಂ ಇರ್ತದ. ನಮಗ ಮೊದಲಿಗಿ ಚಾ ಕಪ್ಪಿನ ಬಾಯಿಯಷ್ಟು ಗೋಲ ಸಾಕು.

ಛರ್ರಾ ಹಾಕೋವಾಗ ಬಾಗಿಸಿದ ಬ್ಯಾರೆಲ್ ಇನ್ನೊಂದು ಕೈಯಾಗ ಗಟ್ಟಿ ಹಿಡಕೊಂಡೇ ಇರಬೇಕು, ಟ್ರಿಗರ್ ಹಂತ್ಯಾಕ ಬಟ್ಟು ಹೋಗಬಾರದು, ಕೈ ತಪ್ಪಿ ಬ್ಯಾರೆಲ್ ಫಟ್ಟನ ಮುಚ್ಚಿತಂದ್ರ ಬಟ್ಟು ಅಡಕತ್ತರ್ಯಾಗಿನ ಅಡಿಕಿನೇ. ಕಾಗದಕ್ಕ ಚಪ್ಪಟಿ ತಲಿ ಛರ್ರಾ ತಗೋರಿ, ಗೋಲ ತೂತು ಸ್ವಚ್ಛ ಬೀಳ್ತದ. ಸ್ಟೀಲ್ ಗೋಲಿ ಬ್ಯಾಡ, ಅದು ಚೆಂಡಿನಂಗ ಪುಟೀತದ. ಛರ್ರಾ ಇಲ್ಲದ ಖಾಲಿ ಹೊಡಿಯೋದೂ ಬ್ಯಾಡ, ಒಳಗಿನ ಪಿಸ್ಟನ್ ಸೀದಾ ಹೋಗಿ ಲೋಹಕ್ಕ ಅಪ್ಪಳಿಸ್ತದ.

ಹಿಡಿಯೋದು ಹೆಂಗಂದ್ರ, ಬಿಗಿಯಾಗಿ ಅಲ್ಲ. ಎಲ್ಲರೂ ಇಲ್ಲೇ ತಪ್ಪೋದು. ಎಡಗೈ ಅಂಗೈ ತೆರೆದು ಬಂದೂಕು ಅದರ ಮ್ಯಾಲ ಸುಮ್ಮನ ಮಲಗಿಸ್ರಿ, ಕೂಸಿನ ತಲಿ ಹಿಡಿದಂಗ, ಹೊಡೆದಾಗ ಅದು ಎತ್ತ ಕುಣೀಬೇಕೋ ಕುಣೀಲಿ ಬಿಡ್ರಿ, ಪ್ರತಿ ಸಲ ಒಂದೇ ನಮೂನಿ ಕುಣಿದ್ರ ಛರ್ರಾನೂ ಒಂದೇ ಕಡಿ ಹೋಗ್ತದ. ಕಲ್ಲಿನ ಮ್ಯಾಲ, ಮಂಚದ ಕಟ್ಟಿಗಿ ಮ್ಯಾಲ ಸೀದಾ ಇಟ್ಟು ಹೊಡೆದ್ರ ಗುರಿ ಮ್ಯಾಲಕ್ಕ ಹಾರ್ತದ. ಐದು ಛರ್ರಾ ಹೊಡೆದ ಮ್ಯಾಲೇ ಸೈಟ್ ಮುಟ್ಟ್ರಿ, ಒಂದಕ್ಕೇ ತಿರುವಬ್ಯಾಡ್ರಿ. ಐದರ ಗುಂಪು ಬಲಕ್ಕ ಬಿದ್ದದ ಅಂದ್ರ ಹಿಂದಿನ ಸೈಟ್ ಎಡಕ್ಕ, ಕೆಳಗ ಬಿದ್ದದ ಅಂದ್ರ ಹಿಂದಿನ ಸೈಟ್ ಮ್ಯಾಲಕ್ಕ, ಅಂದ್ರ ಛರ್ರಾ ಎತ್ತ ಹೋಗಬೇಕೋ ಸೈಟ್ ಅತ್ತ. ಎಪ್ರಿಲ್ ಮೇದಾಗ ಮುಂಜಾನಿ ಎಂಟರೊಳಗ ಮುಗಿಸ್ರಿ, ಆಮ್ಯಾಲ ಬಿಸಲಿಗಿ ನೆಲದ ಮ್ಯಾಗಿನ ಗಾಳಿ ಕುದ್ದು ಗುರಿನೇ ಅಲ್ಲಾಡಿದಂಗ ಕಾಣ್ತದ.

ಕಾಕಾ ಒಂದಿನ "ಹೆಂಗೂ ತಂದೀ, ಜ್ವಾಳದಾಗ ಗಿಳಿ ಭಾಳ ಆಗ್ಯಾವ, ಒಂದೆರಡು ಕೆಡವು" ಅಂದ್ರು. ಆಗಂಗಿಲ್ಲ ಕಾಕಾ ಅಂದೆ. 1972ರ ವನ್ಯಜೀವಿ ಕಾಯ್ದೆ ಅದ, ಗಿಳಿ, ನವಿಲು, ಚಿಗರಿ ಯಾವುದಕ್ಕೂ ಬಂದೂಕು ಎತ್ತಂಗಿಲ್ಲ, ಲೈಸೆನ್ಸ್ ಬ್ಯಾಡ ಅಂದಮಾತ್ರಕ್ಕ ಬ್ಯಾಟಿಗಿ ಪರವಾನಗಿ ಸಿಕ್ಕಂಗಲ್ಲ. ಅವ್ರು ಸಿಟ್ಟಿಗೆದ್ದು ಡಬ್ಬಿ ಬಡಕೋತ ಜ್ವಾಳದ ಕಡಿ ಹೋದ್ರು. ಚಿಂಚೋಳಿ ಕಾಡಿಗಿ, ಚಂದ್ರಂಪಳ್ಳಿ ಕಡಿ ಟ್ರೆಕ್ಕಿಂಗ್ ಹೋಗೋರು ಇದನ್ನ ಬ್ಯಾಗಿನಾಗ ಹಾಕ್ಕೊಂಡು ಹೋಗಬ್ಯಾಡ್ರಿ, ಅದು ವನ್ಯಜೀವಿ ಧಾಮ, ಅಲ್ಲಿ ಆಯುಧ ಒಯ್ಯಾಕ ಮುಖ್ಯ ವನ್ಯಜೀವಿ ವಾರ್ಡನ್ ಲಿಖಿತ ಪರವಾನಗಿ ಬೇಕು. ವಿಡಿಯೋದಾಗಿನ ಅಮೆರಿಕಾದಾಂವ ಕಾಡಿನಾಗ ಡೇರೆ ಹಾಕಿ ಹೊಡೀತಾನ, ನಮ್ಮ ಬ್ಯಾಗಿನ ಪ್ರಯಾಣ ಮನಿಯಿಂದ ಸ್ವಂತ ಹೊಲದ ತನಕ ಮಾತ್ರ. ಖರೇ ಪಾಯಿಂಟ್ 22 ಹೊಡಿಯೋ ಆಸೆ ಇದ್ದೋರು ರೈಫಲ್ ಕ್ಲಬ್ ಸೇರಿ ಅವ್ರ ರೇಂಜಿನಾಗ ಕಲೀರಿ, ಅದೇ ಸೀದಾ ದಾರಿ.

ಮುಗಿದ ಮ್ಯಾಲ ಬ್ಯಾರೆಲ್ ಮ್ಯಾಲಿನ ಧೂಳ ಒಣ ಅರಿವಿಲೆ ಒರೆಸಿ, ಹೊರಗಿನ ಲೋಹಕ್ಕ ಎಣ್ಣಿ ಒಂದೆರಡು ಹನಿ ತಿಕ್ಕ್ರಿ. ಗಾಳಿ ಒತ್ತೋ ಚೇಂಬರಿನಾಗ ಎಣ್ಣಿ ಹಾಕಬ್ಯಾಡ್ರಿ, ಒತ್ತಡಕ್ಕ ಅದು ಒಳಗೇ ಹೊತ್ತಿ ಹೊಗಿ ಬರ್ತದ, ಸೀಲ್ ಸುಟ್ಟು ಹೋಗ್ತದ. ಕಾಕ್ ಮಾಡಿ ಇಟ್ಟು ಬಿಡಬ್ಯಾಡ್ರಿ, ಸ್ಪ್ರಿಂಗ್ ಸೋಲ್ತದ. ಹುಡುಗ್ರು ಇರೋ ಮನ್ಯಾಗ ಛರ್ರಾ ಒಂದು ಕಡಿ, ಬಂದೂಕು ಇನ್ನೊಂದು ಕಡಿ, ಎರಡಕ್ಕೂ ಕೀಲಿ.

ಛರ್ರಾ ಅಂದ್ರ ಸೀಸ, ಬಟ್ಟಿಗಿ ಕರ್ರಗ ಹತ್ತಿರ್ತದ, ಲಗೂ ಹಾಕಬೇಕಂತ ನಾಕು ಛರ್ರಾ ಬಾಯಾಗ ಇಟ್ಕೊಳ್ಳೋರನ್ನೂ ನೋಡೀನಿ, ದಯಮಾಡಿ ಬ್ಯಾಡ್ರಿ. ಬೋರಿನ ನೀರಿಗಿ ಕೈ ಸಾಬೂನು ಹಚ್ಚಿ ತೊಳೀರಿ, ಆಮ್ಯಾಲೇ ಬುತ್ತಿ ಬಿಚ್ಚ್ರಿ. ನಮ್ಮ ಕಾಕಿ ಅಂತೂ ಅಂಗೈ ತಿರುಗಿಸಿ ನೋಡಿದ ಮ್ಯಾಲೇ ರೊಟ್ಟಿ ಮ್ಯಾಲ ಪಲ್ಯಾ ಹಾಕ್ತಾಳ.