ಹಕ್ಕಿಗಳಿಗೆ ಮರದಲ್ಲಿ ಗೂಡುಪೆಟ್ಟಿಗೆ ಕಟ್ಟಿದ ನನ್ನ ಅನುಭವ

ಸಕಲೇಶಪುರದ ಕಡೆಯ ನಮ್ಮ ಕಾಫಿ ತೋಟದಲ್ಲಿ ಒಣಗಿ ನಿಂತಿದ್ದ ಹಾಲವಾಣದ ಮರಗಳನ್ನು, ಮಳೆಗಾಲದ ಗಾಳಿಗೆ ಗಿಡಗಳ ಮೇಲೆ ಬಿದ್ದಾವೆಂಬ ಭಯದಿಂದ, ಒಂದೇ ಬೇಸಿಗೆಯಲ್ಲಿ ಕಡಿಸಿಬಿಟ್ಟೆ. ಕುಟ್ರುಹಕ್ಕಿ, ಮರಕುಟಿಗಗಳು ಆ ಮೆತ್ತನೆಯ ಮರದಲ್ಲಿ ಕೊರೆದು ಬಿಟ್ಟುಹೋದ ಪೊಟರೆಗಳಲ್ಲಿಯೇ ಮಡಿವಾಳ ಹಕ್ಕಿಗಳೂ ಹಾಲಕ್ಕಿಗಳೆಂಬ ಪುಟ್ಟ ಗೂಬೆಗಳೂ ಸಂಸಾರ ಹೂಡುತ್ತಿದ್ದವೆಂಬುದು, ಮರುವರ್ಷ ಮಡಿವಾಳದ ಜೋಡಿಯೊಂದು ಪಂಪ್ ಮನೆಯ ಒಡಕು ಪೈಪಿನೊಳಗೆ ಗೂಡು ಕಟ್ಟಲು ಹೆಣಗುವುದನ್ನು ಕಂಡಾಗ ಹೊಳೆಯಿತು. ಆ ಜಾಗದಲ್ಲಿ ನಾನು ನೆಟ್ಟಿದ್ದ ಸಿಲ್ವರ್ ಓಕ್‌ಗಳಲ್ಲಿ ಪೊಟರೆ ಹುಡುಕಿದರೂ ಸಿಗುವಂತಿರಲಿಲ್ಲ.

ಮೊದಲ ಪೆಟ್ಟಿಗೆಯನ್ನು ಪ್ಲೈವುಡ್ಡಿನಲ್ಲಿ ಮಾಡಿಸಿದೆ; ಒಂದು ಮುಂಗಾರಿಗೇ ಅದು ಉಬ್ಬಿ ಪದರು ಬಿಟ್ಟಿತು. ಆಮೇಲಿನ ಆರನ್ನೂ ಬಣ್ಣ, ವಾರ್ನಿಷ್ ಸೋಕದ ಮುಕ್ಕಾಲು ಇಂಚಿನ ಹಳೆಯ ಹಲಗೆಯಿಂದ ಮಾಡಿದೆವು. ಮಡಿವಾಳಕ್ಕೆ ಆರಿಂಚು ಚೌಕದ ತಳ, ಒಂದಡಿ ಎತ್ತರ, ತಳದಿಂದ ಎಂಟಿಂಚು ಮೇಲೆ ಎರಡಿಂಚಿನ ಬಾಯಿ. ಹಾಲಕ್ಕಿಗೆ ಇನ್ನಷ್ಟು ಅಗಲದ ತಳ, ಮೂರಿಂಚಿನ ಬಾಯಿ. ಮರಿಗಳು ಉಗುರೂರಿ ಹತ್ತಲೆಂದು ಮುಂದಿನ ಹಲಗೆಯ ಒಳಮೈಯನ್ನು ಉಳಿಯಿಂದ ಗೀರಿ ಒರಟು ಮಾಡಿ, ನೀರು ಬಸಿಯಲು ತಳಕ್ಕೆ ಸಣ್ಣ ತೂತುಗಳನ್ನು ಕೊರೆದು, ಸೂರನ್ನು ಮುಂದಕ್ಕೆ ಚಾಚಿಸಿದೆವು. ಬಾಯಿಯ ಕೆಳಗೆ ಕೂರುವ ಕಡ್ಡಿಯನ್ನು ಇಡಲಿಲ್ಲ. ಗೂಡು ದೋಚಲು ಬರುವ ಕಾಗೆಗೂ ಅದೇ ಆಸರೆಯಾಗುತ್ತದೆ.

ಪೆಟ್ಟಿಗೆ ಮಾಡುವುದಕ್ಕಿಂತ ಅದನ್ನು ಮರಕ್ಕೆ ಕಟ್ಟುವ ಬಗೆಯನ್ನು ಕಲಿಯಲು ನನಗೆ ಹೆಚ್ಚು ಕಾಲ ಹಿಡಿಯಿತು. ಮೊಳೆ ಹೊಡೆದರೆ ಮರ ಅದನ್ನು ನುಂಗಿಕೊಂಡು, ಮುಂದೊಂದು ದಿನ ಗರಗಸದ ಹಲ್ಲಿಗೆ ಸಿಕ್ಕಿ ಕೊಯ್ಯುವವನಿಗೇ ಅಪಾಯ ತರುತ್ತದೆಂದು ತಿಳಿದಿದ್ದರಿಂದ, ಮೊದಲು ಬೈಂಡಿಂಗ್ ತಂತಿಯನ್ನು ಬಿಗಿಯಾಗಿ ಸುತ್ತಿದೆ. ಸಿಲ್ವರ್ ಓಕ್ ಬೇಗ ದಪ್ಪವಾಗುವ ಮರ. ಎರಡು ವರ್ಷದಲ್ಲಿ ತಂತಿ ತೊಗಟೆಯೊಳಗೆ ಹೂತು, ತಂತಿಗಿಂತ ಮೇಲಿನ ಕಾಂಡ ಊದಿಕೊಂಡಿತ್ತು. ಎಲೆಯಲ್ಲಿ ತಯಾರಾದ ಆಹಾರ ಬೇರಿಗಿಳಿಯುವ ದಾರಿ ತೊಗಟೆಯಲ್ಲಿಯೇ ಇರುವುದರಿಂದ, ಹಾಗೆಯೇ ಬಿಟ್ಟಿದ್ದರೆ ಮರ ಸಾಯುತ್ತಿತ್ತು. ಈಗ ದಪ್ಪ ಜಿಐ ತಂತಿಯನ್ನು ನೀರಿನ ರಬ್ಬರ್ ಪೈಪಿನೊಳಗೆ ತೂರಿಸಿ, ಅದರ ಒಂದು ಭಾಗವನ್ನು ಹಾವಿನ ನಡೆಯಂತೆ ಅಂಕುಡೊಂಕಾಗಿ ಮಡಿಸಿ ಕಟ್ಟುತ್ತೇನೆ. ಕಾಂಡ ಹಿಗ್ಗಿದಂತೆ ಮಡಿಕೆಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಆದರೂ ವರ್ಷಕ್ಕೊಮ್ಮೆ ನೋಡದೆ ಬಿಡುವುದಿಲ್ಲ.

ಮರದ ಆಯ್ಕೆಯಲ್ಲಿ ಮೆಣಸಿನ ಬಳ್ಳಿ ಹಬ್ಬಿದ ಮರಗಳನ್ನು ಮೊದಲೇ ಬಿಟ್ಟೆ. ತಂತಿ ಬಳ್ಳಿಯನ್ನು ಅದುಮುತ್ತದೆ, ಮಳೆಗೆ ಮುಂಚೆ ಬಳ್ಳಿಗೆ ಶಿಲೀಂಧ್ರ ರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸುವಾಗ ಮದ್ದು ಗೂಡಿನೊಳಗೆ ಹೋಗುತ್ತದೆ. ಕರೆಂಟಿನ ತಂತಿ ಹತ್ತಿರವಿರುವ ಮರ, ಮೇಲೆ ಒಣಕೊಂಬೆ ತೂಗುವ ಮರ, ಹೆಜ್ಜೇನು ಕಟ್ಟಿದ ಮರ, ಚಗಳಿ ಇರುವೆ ಓಡಾಡುವ ಮರ ಇವೂ ಬೇಡವೆನಿಸಿದವು. ಏಣಿಯ ಮೇಲೆ ನಿಂತಾಗ ಚಗಳಿ ಕಚ್ಚಿದರೆ ಕೈ ತಾನಾಗಿ ಬಿಟ್ಟುಹೋಗುತ್ತದೆ.

ಪೆಟ್ಟಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು ಏಣಿ ಹತ್ತಲು ಹೊರಟ ನನ್ನನ್ನು ತಡೆದವರು, ನೆರಳುಮರಗಳ ಕೊಂಬೆ ಸವರುವ ಮರಗಸಿಯಲ್ಲಿ ಪಳಗಿದ ನಮ್ಮ ತೋಟದ ಹಿರಿಯ ಕೆಲಸಗಾರರು. "ಖಾಲಿ ಕೈಲಿ ಹತ್ತಿ ಅಯ್ಯಾ, ಮೇಲಿಂದ ಹಗ್ಗ ಬಿಡಿ, ನಾನು ಕಟ್ಟಿ ಕೊಡ್ತೀನಿ" ಎಂದರು. ಅಂದಿನಿಂದ ಅದೇ ಕ್ರಮ. ನಾಲ್ಕಡಿ ಎತ್ತರಕ್ಕೆ ಒಂದಡಿಯಂತೆ ಏಣಿಯ ಬುಡವನ್ನು ಮರದಿಂದ ದೂರವಿಟ್ಟು, ಒಬ್ಬರು ಬುಡ ಹಿಡಿದಿರುವಾಗಲೇ ಹತ್ತಿ, ಏಣಿಯ ತಲೆಯನ್ನು ಕಾಂಡಕ್ಕೆ ಬಿಗಿದು, ಸೊಂಟ ಮತ್ತು ತೊಡೆ ಎರಡನ್ನೂ ಹಿಡಿಯುವ ಸುರಕ್ಷತಾ ಬೆಲ್ಟನ್ನು ಮರಕ್ಕೆ ಸಿಕ್ಕಿಸಿಕೊಂಡ ನಂತರವೇ ಎರಡೂ ಕೈಗಳನ್ನು ಕೆಲಸಕ್ಕೆ ಬಿಡುತ್ತೇನೆ. ಪೆಟ್ಟಿಗೆ ಹಗ್ಗದಲ್ಲಿ ಮೇಲೇರುವಾಗ ಅದರ ನೇರ ಕೆಳಗೆ ಯಾರೂ ನಿಲ್ಲುವುದಿಲ್ಲ. ನಿಜ ಹೇಳಬೇಕೆಂದರೆ ಮಡಿವಾಳಕ್ಕೆ ಹತ್ತು ಅಡಿ ಎತ್ತರವೇ ಸಾಕು. ಮೊದಲ ವರ್ಷ ನಾನು ಮೂವತ್ತು ಅಡಿಗೆ ಹತ್ತಿದ್ದು ಬರೀ ಹುಂಬತನ.

ಮಾರ್ಚ್ ಹೊತ್ತಿಗೆ ಮಡಿವಾಳಗಳು ಜಾಗ ಹುಡುಕತೊಡಗುವುದರಿಂದ, ತೊಗಟೆ ಒಣಗಿ ಪಾಚಿ ಜಾರದಿರುವ ಡಿಸೆಂಬರಿನಲ್ಲಿ ಕಟ್ಟುತ್ತೇನೆ. ನೈಋತ್ಯದ ಮಳೆ ಒಳಗೆ ಎರಚದಂತೆ ಬಾಯಿಯನ್ನು ಪೂರ್ವಕ್ಕೆ ತಿರುಗಿಸುತ್ತೇನೆ. ಹಕ್ಕಿ ಒಳಸೇರಿದ ಮೇಲೆ ಇಣುಕುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಯ ಮೊಟ್ಟೆಗೂಡುಗಳನ್ನು ಕೆಣಕುವುದನ್ನೂ ಬೇಟೆಯೆಂದೇ ಪರಿಗಣಿಸುತ್ತದೆ.

ಆರರಲ್ಲಿ ಎರಡಕ್ಕೆ ಮಡಿವಾಳ ಬಂದಿತು. ಹಾಲಕ್ಕಿಗೆಂದು ಇಟ್ಟಿದ್ದನ್ನು ಗೊರವಂಕಗಳು ಆಕ್ರಮಿಸಿದವು, ಒಂದರಲ್ಲಿ ತುಡುವೆ ಜೇನು ಕೂತಿತು, ಮಿಕ್ಕವು ಖಾಲಿ. ತುಡುವೆಯನ್ನು ಎಬ್ಬಿಸುವ ಮನಸ್ಸಾಗಲಿಲ್ಲ. ಕಾಫಿ ಹೂವಿಗೆ ಅದೂ ಬೇಕಾದ ಜೀವವೇ. ಮಳೆ ಕಳೆದ ಮೇಲೆ ಹಳೆಯ ಗೂಡನ್ನು ತೆಗೆಯುವಾಗ, ಒಳಗೆ ಹಾವೋ ಚೇಳೋ ಇದ್ದೀತೆಂದು ಪೆಟ್ಟಿಗೆಯನ್ನು ಕೋಲಿನಿಂದ ತಟ್ಟಿ, ಸ್ವಲ್ಪ ಕಾದು, ಪಕ್ಕದ ಬಾಗಿಲನ್ನು ಬದಿಗೆ ಸರಿದು ನಿಂತು ತೆರೆಯುತ್ತೇನೆ.

ಕಳೆದ ವರ್ಷ ಇನ್ನೊಂದು ಹಾಲವಾಣ ಒಣಗಿದಾಗ ಬುಡಕ್ಕೆ ಕೊಡಲಿ ಹಾಕಿಸದೆ, ಕೊಂಬೆಗಳನ್ನು ಇಳಿಸಿ ಹದಿನೈದು ಅಡಿಯ ಮೋಟನ್ನು ಹಾಗೆಯೇ ನಿಲ್ಲಿಸಿದೆ. ಈ ಜನವರಿಯಲ್ಲಿ ಅದರ ಬುಡದ ತರಗೆಲೆಗಳ ಮೇಲೆ ಬಿಳಿ ಮರದ ಪುಡಿ ಉದುರಿತ್ತು. ತಲೆಯೆತ್ತಿದರೆ ಕುಟ್ರುಹಕ್ಕಿಯೊಂದು ಆಗಲೇ ಅರ್ಧ ಮೈ ಹಿಡಿಸುವಷ್ಟು ಕೊರೆದಿತ್ತು.